ರಂಗಭೋಗದ ಹಾದಿಯಲ್ಲಿ ಮೂರು ಊರು

ಹುಬ್ಬಳ್ಳಿ ಬಿಟ್ಟು ದಾವಣಗೆರೆಯ ಕಡೆಗೆ ಹೊರಟ ರೈಲು ಮೊದಲು ವರದಾ ನದಿಯನ್ನು ದಾಟುತ್ತದೆ. ಹರಿಹರ ಸೇರುವ ಮುನ್ನ ತುಂಗಭದ್ರೆಯನ್ನು ದಾಟುತ್ತದೆ. ಈ ಎರಡು ನದಿಗಳ ನಡುವೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಹಿಂದೊಂದು ಬರುತ್ತವೆ. ಏಲಕ್ಕಿ ಮಾಲೆಗೆ ಹಾವೇರಿ, ಮೆಣಸಿನಕಾಯಿಗೆ ಬ್ಯಾಡಗಿ, ಹತ್ತಿಗೂ ಬಿತ್ತನೆ ಬೀಜಕ್ಕೂ ರಾಣೆಬೆನ್ನೂರು ಎಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಮೂರೂ ವ್ಯಾಪಾರದ ಊರುಗಳೇ. ಲಾಭ ನಷ್ಟದ ಮಾತು ಇಲ್ಲಿ ಚಹಾದಂಗಡಿಯಲ್ಲೂ ಕೇಳಿಬರುತ್ತದೆ.

ಆದರೆ ಇದೇ ಹಾದಿಯನ್ನು ಬೇರೊಂದು ಪ್ರಶ್ನೆ ಇಟ್ಟುಕೊಂಡೂ ಸುತ್ತಬಹುದು. ಹಾಡು, ಕುಣಿತ, ನಾಟಕಗಳನ್ನು ಸಾಕುವವರು ಯಾರು? ಲಾಭದ ಆಸೆಯಿಲ್ಲದೆ ಕಲೆ ಕಲಿಸುವ, ಕಲೆ ತೋರಿಸುವ ಸಂಸ್ಥೆ ತನ್ನ ಹೊಟ್ಟೆ ಹೊರೆಯುವುದು ಹೇಗೆ? ಈ ಪ್ರಶ್ನೆಗೆ ಮೂರು ಊರುಗಳೂ ಒಂದೊಂದು ಉತ್ತರ ಇಟ್ಟುಕೊಂಡಿವೆ.

ಕಲ್ಲಿನಲ್ಲಿ ಕೊರೆದ ಲೆಕ್ಕ

ಹಾವೇರಿಯ ಅತ್ಯಂತ ಹಳೆಯ ಉತ್ತರ ಸಿದ್ಧೇಶ್ವರ ದೇವಾಲಯದಲ್ಲಿದೆ. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿ ಬಳಪದ ಕಲ್ಲಿನದು. ಸಾಮಾನ್ಯವಾಗಿ ಗುಡಿಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಇದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಇಂಥ ಗುಡಿಗಳ ನಡುವಿನ ಮಂಟಪಕ್ಕೆ ನವರಂಗ, ರಂಗಮಂಟಪ ಎಂಬ ಹೆಸರುಗಳಿವೆ. ರಂಗವೆಂದ ಮೇಲೆ ಅಲ್ಲಿ ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು ಇರಲೇಬೇಕು. ಅವರ ಅನ್ನದ ವ್ಯವಸ್ಥೆ?

ಕರ್ನಾಟಕದ ಶಾಸನಗಳನ್ನು ಓದಿದವರಿಗೆ ‘ಅಂಗಭೋಗ, ರಂಗಭೋಗ’ ಎಂಬ ಜೋಡಿ ಮಾತು ಚೆನ್ನಾಗಿ ಪರಿಚಿತ. ದೇವರ ಅಭಿಷೇಕ, ಅಲಂಕಾರ, ಪೂಜೆಗೆ ಮೀಸಲಾದದ್ದು ಅಂಗಭೋಗ. ಸಂಗೀತ ನೃತ್ಯಗಳ ಸೇವೆಗೆ ಮೀಸಲಾದದ್ದು ರಂಗಭೋಗ. ಅರಸನೋ ಸಾಮಂತನೋ ವರ್ತಕರ ಸಂಘವೋ ಇಷ್ಟು ಮತ್ತರು ಭೂಮಿ, ಇಂಥ ಸುಂಕದಲ್ಲಿ ಇಷ್ಟು ಪಾಲು ಎಂದು ಬಿಟ್ಟುಕೊಟ್ಟು, ಅದನ್ನು ಕಲ್ಲಿನ ಮೇಲೆ ಬರೆಸುತ್ತಿದ್ದರು. ಭೂಮಿಯನ್ನು ಮಾರುವಂತಿಲ್ಲ, ಅದರ ಬೆಳೆ ಮಾತ್ರ ಖರ್ಚಿಗೆ. ಇಂದಿನ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಇಡುಗಂಟು. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಕೆಲಸ ನಡೆಯಬೇಕು.

ಈ ಪದ್ಧತಿಯಲ್ಲಿ ಎರಡು ಜಾಣತನಗಳಿವೆ. ಒಂದು, ಕಲಾವಿದನ ಅನ್ನ ಅಂದಂದಿನ ಜನಜಂಗುಳಿಯನ್ನು ಅವಲಂಬಿಸಿರಲಿಲ್ಲ. ಎರಡು, ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾತಕ್ಕೆ ಕೊಟ್ಟರು ಎಂಬುದು ಎಲ್ಲರೂ ನೋಡುವಂತೆ ಬಯಲಲ್ಲಿ ನಿಂತಿತ್ತು. ರಾಜ್ಯಗಳು ಅಳಿದವು, ಭೂಮಿ ಕೈಬದಲಾಯಿತು, ರಂಗಭೋಗ ಶಾಸನದ ಪದವಾಗಿ ಉಳಿಯಿತು. ಆದರೆ ಅಗತ್ಯ ಮಾತ್ರ ಉಳಿದೇ ಇತ್ತು.

ಜೋಳಿಗೆ, ನಾಟಕ, ತಕ್ಕಡಿ

ಇಪ್ಪತ್ತನೆಯ ಶತಮಾನದಲ್ಲಿ ಆ ಅಗತ್ಯಕ್ಕೆ ಸಿಕ್ಕ ದೊಡ್ಡ ಉತ್ತರ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಆಶ್ರಮ ಗದುಗಿನಲ್ಲಿದ್ದರೂ ಅದರ ಬೇರುಗಳೆಲ್ಲ ಹಾವೇರಿ ಸೀಮೆಯವು. ಸ್ಥಾಪಕ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು, ಹುಟ್ಟು ಕುರುಡರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳು 1914ರಲ್ಲಿ ಇದೇ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು.

ಕುರುಡು ಮಗುವೆಂದರೆ ಮನೆಗೆ ಭಾರ, ಹೆಚ್ಚೆಂದರೆ ಭಿಕ್ಷೆಗೆ ದಾರಿ ಎಂದು ಜನ ತಿಳಿದಿದ್ದ ಕಾಲವದು. ಹಾನಗಲ್ಲ ಕುಮಾರ ಸ್ವಾಮಿಗಳು ಹಾಡುವ ಹುಡುಗನನ್ನು ಗುರುತಿಸಿ ಸಂಗೀತ ಕಲಿಸಲು ಏರ್ಪಾಡು ಮಾಡಿದರು. ಪಂಚಾಕ್ಷರಿಗಳು ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು, ತಾವು ಪಡೆದದ್ದನ್ನು ತಮ್ಮಂಥ ಮಕ್ಕಳಿಗೆ ಹಂಚಲು ಹೊರಟರು. ಮೊದಲಿಗೆ ಅದು ಗೋಡೆಯಿಲ್ಲದ ಶಾಲೆ, ಸಂಚಾರಿ ಪಾಠಶಾಲೆ. ಗುರು ಶಿಷ್ಯರು ಊರಿಂದ ಊರಿಗೆ ಹೋಗುವುದು. ಯಾವ ಊರು ಅನ್ನ ಹಾಕಿತೋ ಅಲ್ಲಿ ಪಾಠ.

ಅಂಧರು, ಅನಾಥರು, ಬಡವರು ಎಂದು ಬಂದವರಿಗೆಲ್ಲ ಜಾತಿ ಕೇಳದೆ ಊಟ, ವಸತಿ, ಪಾಠ ಉಚಿತ. ಶುಲ್ಕವಿಲ್ಲದ ಶಾಲೆಗೆ ಆದಾಯ ಎಲ್ಲಿಂದ? ಮೊದಲನೆಯದು ಭಕ್ತರ ಜೋಳಿಗೆ: ಜೋಳ, ಅಕ್ಕಿ, ಬೇಳೆ. ಎರಡನೆಯದು ನಾಟಕ. ಆಶ್ರಮಕ್ಕೆ ತನ್ನದೇ ನಾಟಕ ಕಂಪನಿ ಇತ್ತು. ಪುಟ್ಟರಾಜರು ಅದಕ್ಕೆ ನಾಟಕ ಬರೆದರು, ಸಂಗೀತ ಕೂಡಿಸಿದರು, ಸ್ತ್ರೀಪಾತ್ರವನ್ನೂ ಮಾಡಿದರು. ಕಂಪನಿ ಎಂದರೆ ಆದಾಯವಷ್ಟೇ ಅಲ್ಲ, ಅದು ತರಗತಿಯೂ ಹೌದು. ಕಲಿತ ರಾಗವನ್ನು ಜನರೆದುರು ಹಾಡಿ ಪರೀಕ್ಷೆ ಕೊಡುವ ಜಾಗ ಅದು.

ಮೂರನೆಯದು ತುಲಾಭಾರ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಹೊಣೆ ಹೊತ್ತ ಪುಟ್ಟರಾಜರನ್ನು ಉತ್ತರ ಕರ್ನಾಟಕದ ಊರೂರುಗಳಲ್ಲಿ ತಕ್ಕಡಿಯಲ್ಲಿ ಕೂರಿಸಿ ನಾಣ್ಯ, ಧಾನ್ಯಗಳಿಂದ ತೂಗಿದರು. ಒಮ್ಮೆ ಎರಡು ಸಲವಲ್ಲ, ನೂರಾರು ಸಲ. ನೋಡುವವರಿಗೆ ಅದು ಗುರುವಿಗೆ ಸಲ್ಲಿಸಿದ ಗೌರವ. ಆಶ್ರಮದ ಅಡುಗೆಮನೆಗೆ ಅದು ನಾಳೆಯ ರೊಟ್ಟಿ. ಶ್ರೀಮಂತನೊಬ್ಬನ ಚೆಕ್ಕಿಗಿಂತ ಸಾವಿರ ಮನೆಗಳ ಹಿಡಿ ಜೋಳ ಗಟ್ಟಿ ಎಂಬುದನ್ನು ಆ ತಕ್ಕಡಿ ತೋರಿಸಿತು. ಒಬ್ಬ ಕೈಬಿಟ್ಟರೆ ಒಂದು ಹಿಡಿ ಕಡಿಮೆಯಾದೀತು, ಒಲೆ ಆರದು.

ಆ ಅನ್ನ ಉಂಡವರಲ್ಲಿ ಬಸವರಾಜ ರಾಜಗುರು ಇದ್ದರು. ಮುಂದಿನ ತಲೆಮಾರಿನ ವೆಂಕಟೇಶ್ ಕುಮಾರ್ ಇದ್ದಾರೆ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಲೆಕ್ಕಪತ್ರದ ‘ಜಮಾ’ ಬದಿಯಲ್ಲಿ ಕಾಣದ ಜಮೆಯೆಂದರೆ ಈ ಶಿಷ್ಯರೇ.

ಮೆಣಸಿನಕಾಯಿಯ ದುಡ್ಡು

ಹಾವೇರಿಯಿಂದ ಮುಂದಿನ ಊರು ಬ್ಯಾಡಗಿ. ಸುಗ್ಗಿಯ ದಿನಗಳಲ್ಲಿ ಸೋಮವಾರ, ಗುರುವಾರ ಇಲ್ಲಿಯ ಮಾರುಕಟ್ಟೆಗೆ ಬಂದವರಿಗೆ ಕಣ್ಣಿಗಿಂತ ಮೊದಲು ಮೂಗಿಗೆ ಊರು ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರ ಹೆಸರಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಕೊಡುವ ಕ್ಯಾಪ್ಸೈಸಿನ್ ಇದರಲ್ಲಿ ಕಡಿಮೆ, ಕೆಂಪು ಕೊಡುವ ಕ್ಯಾಪ್ಸಾಂಥಿನ್ ಹೆಚ್ಚು. ಇದರಿಂದ ತೆಗೆದ ಎಣ್ಣೆಯಂಥ ಸಾರ ಆಹಾರ ಪದಾರ್ಥಗಳಿಗೂ ತುಟಿಬಣ್ಣಕ್ಕೂ ಹೋಗುತ್ತದೆ.

ಮುಖಕ್ಕೆ ಬಣ್ಣ ಹಚ್ಚುವ ನಾಟಕಕ್ಕೂ ಈ ಕಾಯಿಗೂ ನಂಟಿದೆ. ಅದು ದುಡ್ಡಿನ ನಂಟು. ಸಂಕ್ರಾಂತಿ ಕಳೆದ ಮೇಲೆ ಬೆಳೆ ಮಾರಾಟವಾಗುತ್ತದೆ, ಹೊಲದ ಕೆಲಸ ತಗ್ಗುತ್ತದೆ, ಮಳೆಯ ಭಯವಿಲ್ಲದ ಬಯಲು ಸಿಗುತ್ತದೆ. ಜಾತ್ರೆಗಳು, ಜಾತ್ರೆಗಳ ಜೊತೆಗೆ ದೊಡ್ಡಾಟ, ಸಾಮಾಜಿಕ ನಾಟಕಗಳು ಈ ದಿನಗಳಲ್ಲೇ ಸಾಲುಗಟ್ಟುವುದಕ್ಕೆ ಕಾರಣ ಇದೇ.

ಹಳ್ಳಿಯ ನಾಟಕದ ಆಯವ್ಯಯ ಅರ್ಥಶಾಸ್ತ್ರದ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಮನೆಮನೆಗೆ ಪಟ್ಟಿ ಹಾಕುತ್ತಾರೆ. ಅನೇಕ ಊರುಗಳಲ್ಲಿ ಪಾತ್ರಧಾರಿಯೇ ತನ್ನ ಪಾತ್ರಕ್ಕೆ ಇಷ್ಟೆಂದು ಹಣ ಕೊಡುತ್ತಾನೆ; ಅಂದರೆ ನಟನೇ ಮೊದಲ ದಾನಿ. ಆಟದ ರಾತ್ರಿ ದೃಶ್ಯಗಳ ನಡುವೆ ಮೈಕಿನಲ್ಲಿ ಹೆಸರು ಕೂಗಿ ಆಯೇರಿ ಮಾಡುತ್ತಾರೆ. ಖರ್ಚಿನ ಬದಿಯಲ್ಲಿ ಪೇಟಿ ಮಾಸ್ತರರ ಸಂಭಾವನೆ, ಸೀನರಿ ಬಾಡಿಗೆ, ಮೈಕು, ದೀಪ, ಹೊರಊರಿಂದ ಬರುವ ಕಲಾವಿದೆಯರ ಗೌರವಧನ. ಉಳಿದರೆ ಗುಡಿಗೆ, ಸಾಲದಿದ್ದರೆ ಹಿರಿಯರೊಬ್ಬರ ಜೇಬಿಗೆ.

ಈ ವ್ಯವಸ್ಥೆಯ ದೌರ್ಬಲ್ಯವೂ ಇಲ್ಲೇ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದು ನಾಡಿಗೆಲ್ಲ ತಿಳಿದ ಸಂಗತಿ. ಅಂಥ ವರ್ಷದಲ್ಲಿ ಪಟ್ಟಿ ಹಿಡಿದು ಯಾವ ಮನೆಯ ಬಾಗಿಲು ಬಡಿಯುವುದು? ಬೆಳೆಯ ಮೇಲೆ ನಿಂತ ಕಲೆಗೆ ಬೆಳೆಗಿರುವಷ್ಟೇ ಅಪಾಯ.

ಟಿಕೆಟ್ ಏಕೆ ಸಾಲದು?

ಟಿಕೆಟ್ ಮಾರಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸಭಾಂಗಣದಲ್ಲಿ 300 ಕುರ್ಚಿ, ಟಿಕೆಟ್ಟಿಗೆ 50 ರೂಪಾಯಿ, ಒಂದೂ ಕುರ್ಚಿ ಖಾಲಿ ಇಲ್ಲ ಎಂದುಕೊಳ್ಳಿ. ಕೈಗೆ ಬರುವುದು 15,000 ರೂ. ತಂಡದಲ್ಲಿ 15 ಜನ, ದಿನಕ್ಕೆ ತಲಾ 800 ರೂ. ಕೊಟ್ಟರೆ 12,000 ರೂ. ಮುಗಿಯಿತು. ಉಳಿದ 3,000 ರೂಪಾಯಿಯಲ್ಲಿ ವಾಹನ, ದೀಪ, ಊಟ, ಬಾಡಿಗೆ ನಡೆಯಬೇಕು. ಅದಕ್ಕೂ ಮೊದಲು ಈ 15 ಜನ 30 ದಿನ ತಾಲೀಮು ಮಾಡಿದ್ದಾರೆ. ಅದೇ ದರದಲ್ಲಿ ಅದರ ಕೂಲಿ 3,60,000 ರೂ. ಬೇರೆ ಯಾವ ಖರ್ಚೂ ಇಲ್ಲವೆಂದು ಹಿಡಿದರೂ ಅದನ್ನು ತುಂಬಲು 120 ಆಟಗಳು ಕಿಕ್ಕಿರಿದು ನಡೆಯಬೇಕು!

ಇದು ಕನ್ನಡದ ಬಡತನವಲ್ಲ, ಕಲೆಯ ಸ್ವಭಾವ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ವಿವರಿಸಿದರು. ಬ್ಯಾಡಗಿಯ ಉದಾಹರಣೆಯಲ್ಲೇ ಹೇಳಬಹುದು. ಒನಕೆಯಲ್ಲಿ ಕುಟ್ಟುತ್ತಿದ್ದ ಕಾಲದಲ್ಲಿ ಒಬ್ಬಾಕೆ ದಿನವಿಡೀ ಕುಟ್ಟಿದಷ್ಟು ಖಾರದಪುಡಿಯನ್ನು ಗಿರಣಿ ಕೆಲವೇ ನಿಮಿಷಗಳಲ್ಲಿ ಬೀಸುತ್ತದೆ. ಹಾಗಾಗಿ ಕೂಲಿ ಏರಿದರೂ ಗಿರಣಿ ತಡೆದುಕೊಳ್ಳುತ್ತದೆ. ಆದರೆ ಎರಡು ಗಂಟೆಯ ನಾಟಕಕ್ಕೆ ನೂರು ವರ್ಷದ ಹಿಂದೆಯೂ ಎರಡು ಗಂಟೆ, ಇಂದಿಗೂ ಎರಡು ಗಂಟೆ. ಹತ್ತು ಪಾತ್ರಕ್ಕೆ ಹತ್ತು ಜನರೇ ಬೇಕು. ಬೇಗ ಬೇಗ ಹಾಡಿದರೆ ರಾಗ ಅಗ್ಗವಾಗುವುದಿಲ್ಲ, ಕೆಡುತ್ತದೆ. ಹೀಗಾಗಿ ಟಿಕೆಟ್ಟಿಗೂ ಖರ್ಚಿಗೂ ನಡುವೆ ಕಂದಕ ಇದ್ದೇ ಇರುತ್ತದೆ. ಅದನ್ನು ತುಂಬುವವರು ಅರಸರೋ ಸರ್ಕಾರವೋ ಊರ ಜನವೋ ಎಂಬುದಷ್ಟೇ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ.

ಊರೇ ತುಂಬಿದ ಉದಾಹರಣೆ ದೂರವಿಲ್ಲ. ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಸಣ್ಣ ಹಳ್ಳಿಯಲ್ಲಿ ಗಜಾನನ ಯುವಕ ಮಂಡಳವಿದೆ, ಹಳ್ಳಿಗೆ ತನ್ನದೇ ರಂಗಮಂದಿರವಿದೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಬರುತ್ತಾರೆ. ತಾಲೀಮಿನ ಕೂಲಿಯನ್ನು ಅಲ್ಲಿ ನಟರೇ ತಮ್ಮ ಸಮಯದ ರೂಪದಲ್ಲಿ ಕೊಡುತ್ತಾರೆ. ಯಾವ ಜಮಾಖರ್ಚಿನಲ್ಲೂ ಕಾಣದ ಅತಿ ದೊಡ್ಡ ದೇಣಿಗೆ ಅದು.

ಖರ್ಚಿನ ಪುಸ್ತಕ ತೆರೆದಿರಲಿ

ಬ್ಯಾಡಗಿ ದಾಟಿದರೆ ರಾಣೆಬೆನ್ನೂರು. ಪ್ರವಾಸಿಗರು ಇಲ್ಲಿಗೆ ಬರುವುದು ಕೃಷ್ಣಮೃಗಗಳಿಗಾಗಿ. ಅವುಗಳ ಅಭಯಾರಣ್ಯ 1974ರದು. ಆದರೆ ಇದೇ ತಾಲ್ಲೂಕಿನ ಜೋಯಿಸರಹರಳಹಳ್ಳಿಗೂ ಒಮ್ಮೆ ಹೋಗಬೇಕು. ಪಂಚಾಕ್ಷರಿಗಳಿಗೆ ಸಂಗೀತದ ದಾರಿ ತೋರಿಸಿದ ಕುಮಾರ ಸ್ವಾಮಿಗಳು 1867ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಅವರು. ರಾಣೆಬೆನ್ನೂರು ಸೀಮೆ ಪೋಷಕನನ್ನು ಕೊಟ್ಟಿತು, ಹಾನಗಲ್ ಗುರುವನ್ನು, ದೇವಗಿರಿ ಶಿಷ್ಯನನ್ನು. 1930ರಲ್ಲಿ ಪೋಷಕರು ಕಣ್ಮರೆಯಾದರೂ ಪಾಠ ನಿಲ್ಲಲಿಲ್ಲ. ಸಂಸ್ಥೆಯ ಗಟ್ಟಿತನ ಗೊತ್ತಾಗುವುದು ಮೊದಲ ಪೋಷಕನ ನಂತರವೇ.

ಹೊರಗಿನಿಂದ ಬರುವ ನಾಟಕಕ್ಕೂ ಊರಿನ ಪಾಲು ಬೇಕು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1985ರಲ್ಲಿ ‘ತಿರುಗಾಟ’ ಆರಂಭಿಸಿತು. ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದುಕೊಟ್ಟದ್ದು ಒಂದು ಹಳ್ಳಿಯಲ್ಲಿ ಕುಳಿತು ಮಾಡಿದ ಇಂಥ ಕೆಲಸವೇ. ತಿರುಗಾಟದ ತಂಡ ಬರಬೇಕಾದರೆ ಆ ಊರಿನಲ್ಲೊಂದು ಸಂಘ ಮುಂದೆ ಬರಬೇಕು. ನಿಗದಿಯಾದ ಹಣ, ಊಟ, ವಸತಿ, ಪ್ರೇಕ್ಷಕರನ್ನು ಅದು ಒದಗಿಸಬೇಕು. ಸಂಘವಿಲ್ಲದ ಊರಿಗೆ ಬಸ್ಸು ಬರುತ್ತದೆ, ನಾಟಕ ಬರುವುದಿಲ್ಲ.

ಸಂಘ ಕಟ್ಟುವುದು ಕಷ್ಟವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ಸಾಕು. ಲಾಭರಹಿತ ಸಂಸ್ಥೆ ಎಂದರೆ ಹಣ ಉಳಿಯಲೇಬಾರದೆಂದು ಅರ್ಥವಲ್ಲ. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಸಂಸ್ಥೆಯ ಉದ್ದೇಶಕ್ಕೇ ಬಳಸಬೇಕು ಎಂದು ಅರ್ಥ. ಉಳಿಯುವುದು ಒಳ್ಳೆಯದೇ: ಬೆಳೆ ಕೈಕೊಟ್ಟ ವರ್ಷಕ್ಕೆ ಅದೇ ಆಸರೆ. ಕಷ್ಟವಿರುವುದು ವರ್ಷವರ್ಷವೂ ಲೆಕ್ಕ ಬರೆದು, ತಪಾಸಣೆ ಮಾಡಿಸಿ, ಸಭೆಯಲ್ಲಿ ಓದುವುದರಲ್ಲಿ. ಎಷ್ಟೋ ಸಂಘಗಳು ಮುರಿದದ್ದು ಹಣದ ಕೊರತೆಯಿಂದಲ್ಲ, ಲೆಕ್ಕದ ಕೊರತೆಯಿಂದ.

ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ. ಗೋಡೆಯ ಮೇಲೆ ಹೆಸರು ಕಾಣುತ್ತದಲ್ಲ! ವಿದ್ಯುತ್ ಬಿಲ್ಲಿಗೆ, ಪೇಟಿಯ ರಿಪೇರಿಗೆ, ಮಕ್ಕಳಿಗೆ ಹಾಡು ಕಲಿಸುವ ಮಾಸ್ತರರ ತಿಂಗಳ ಸಂಬಳಕ್ಕೆ ಹೆಸರಿನ ಫಲಕವಿಲ್ಲ. ರಂಗಮಂದಿರಗಳಿಗೆ ಬೀಗ ಬೀಳುವುದು ಈ ಸಣ್ಣ ಖರ್ಚುಗಳ ಮುಂದೆಯೇ.

ಇಲ್ಲಿ ಪಾಲಕರು ಮಾಡಬಹುದಾದದ್ದು ದೊಡ್ಡದೇನಲ್ಲ. ಟ್ಯೂಷನ್ ಶುಲ್ಕದ ಒಂದು ಸಣ್ಣ ಭಾಗದಷ್ಟನ್ನು ವರ್ಷಕ್ಕೊಮ್ಮೆ ಊರಿನ ಕಲಾಸಂಘಕ್ಕೆ ಚಂದಾ ಕೊಟ್ಟು ರಸೀದಿ ಕೇಳಬಹುದು, ವಾರ್ಷಿಕ ಸಭೆಯಲ್ಲಿ ಕುಳಿತು ಲೆಕ್ಕ ಕೇಳಬಹುದು. ವಿದ್ಯಾರ್ಥಿಗಳಿಗೂ ಕೆಲಸವಿದೆ. ಗಣಿತ ಬಲ್ಲವರು ತಮ್ಮ ಊರಿನ ಜಾತ್ರೆಯ ನಾಟಕದ ಜಮಾಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಗುಡಿಯ ಗೋಡೆಗೆ ಅಂಟಿಸಲಿ. ಒಂಬೈನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಆ ಹಾಳೆಯ ಬದಲು ಕಲ್ಲಿತ್ತು, ವಿಷಯ ಅದೇ.