ತನ್ನ ತೋಟವೂ ಊರ ಬೆಟ್ಟವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಮೂರು ತಾಲೂಕುಗಳು ಒಂದಕ್ಕೊಂದು ಹೊಂದಿಕೊಂಡಿರುವುವು. ಬಯಲುಸೀಮೆಯಿಂದ ಬರುವ ಪ್ರವಾಸಿಕರು ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನ ಮಾಡಿ, ಶಾಲ್ಮಲಾ ನದಿಯ ಬಂಡೆಗಳಲ್ಲಿ ಕೊರೆದಿರುವ ಸಹಸ್ರಲಿಂಗಗಳನ್ನು ನೋಡಿ, ಮಾಗೋಡಿನ ಜಲಪಾತದೆದುರು ನಿಂತು ಬೆರಗಾಗಿ ಹಿಂದಿರುಗುವರು. ಇವೆಲ್ಲವೂ ನೋಡತಕ್ಕವುಗಳೇ ಸರಿ. ಆದರೆ ನಾವು ಈ ಸೀಮೆಯಲ್ಲಿ ಸಂಚರಿಸಿದಾಗ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಅಲ್ಲಿಯ ಅಡಕೆ ತೋಟಕ್ಕೂ ಅದರ ನೆತ್ತಿಯ ಮೇಲಿನ ಬೆಟ್ಟಕ್ಕೂ ಇರುವ ನಂಟು. ಮನುಷ್ಯನು ತನ್ನ ಮೇಲಿಡುವ ಪ್ರೀತಿಗೂ ಪರರ ಮೇಲಿಡುವ ಪ್ರೀತಿಗೂ ಏನು ಸಂಬಂಧವೆಂಬ ಹಳೆಯ ಪ್ರಶ್ನೆಗೆ ಆ ನಂಟಿನಲ್ಲಿ ಒಂದು ಉತ್ತರವಿದೆಯೆಂದು ನಮಗೆ ತೋರಿತು.

ಗೃಹಸ್ಥರಾದ ನಾವು ಈ ವಿಷಯದಲ್ಲಿ ಮಕ್ಕಳಿಗೆ ಎರಡು ಬಗೆಯ ಮಾತನ್ನಾಡುತ್ತೇವೆ. ಬೆಳಿಗ್ಗೆ “ಸ್ವಾರ್ಥಿಯಾಗಬೇಡ, ಹಂಚಿಕೊಂಡು ತಿನ್ನು” ಎನ್ನುವೆವು, ಸಂಜೆ “ನಿನ್ನ ಹಿತ ನೀನು ನೋಡಿಕೋ, ಪರರ ಉಸಾಬರಿ ನಿನಗೇಕೆ?” ಎನ್ನುವೆವು. ಮಗುವು ಯಾವುದನ್ನು ನಂಬಬೇಕು? ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಉಪದೇಶಿಸುವಾಗ, ಪತಿಯಾಗಲಿ ಪತ್ನಿಯಾಗಲಿ ಮಕ್ಕಳಾಗಲಿ ಧನವಾಗಲಿ ನಮಗೆ ಪ್ರಿಯವಾಗುವುದು ಆತ್ಮನ ನಿಮಿತ್ತವಾಗಿಯೇ ಎಂದು ತಿಳಿಸುವನು. ಇದನ್ನು ಅರೆಗಿವಿಯಿಂದ ಕೇಳಿದವರಿಗೆ ಸ್ವಾರ್ಥದ ಸಮರ್ಥನೆಯಂತೆ ಕೇಳಿಸೀತು. ಆದರೆ ಅಲ್ಲಿ ಹೇಳಿರುವ ಆತ್ಮವು ಈ ಮೂರೂವರೆ ಮೊಳದ ದೇಹವಲ್ಲವಷ್ಟೆ. ‘ತಾನು’ ಎಂಬುದರ ಎಲ್ಲೆಯನ್ನು ಎಲ್ಲಿಗೆ ಹಾಕಬೇಕೆಂಬುದೇ ಅಲ್ಲಿಯ ವಿಚಾರ. ಶಿರಸಿಯ ತೋಟಿಗರು ಇದೇ ವಿಚಾರವನ್ನು ಗುದ್ದಲಿ ಕತ್ತಿಗಳಿಂದ ತಿಳಿದವರು.

ಆ ತೋಟಗಳ ಸ್ಥಿತಿಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಎರಡು ಗುಡ್ಡಗಳ ನಡುವೆ ಇಕ್ಕಟ್ಟಾದ ಕಣಿವೆ. ಕಣಿವೆಯ ತಂಪಿನಲ್ಲಿ ಸಾಲಾಗಿ ನಿಂತ ಅಡಕೆ ಮರಗಳು. ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಡಿಯಲ್ಲಿ ಬಾಳೆ, ಏಲಕ್ಕಿ. ತೋಟದಂಚಿನಲ್ಲಿ ಹೆಂಚಿನ ಮನೆ, ವಿಶಾಲವಾದ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ. ನಮ್ಮನ್ನು ಆದರದಿಂದ ಬರಮಾಡಿಕೊಂಡ ತೋಟಿಗರೊಬ್ಬರನ್ನು “ನಿಮ್ಮ ತೋಟವನ್ನು ತೋರಿಸಿ” ಎಂದು ಕೇಳಿದೆವು. ಅವರು ನಗುತ್ತ, “ಮಾಸ್ತರೇ, ತೋಟ ನೋಡಬೇಕಾದರೆ ಮೊದಲು ಬೆಟ್ಟ ಹತ್ತಬೇಕು” ಎಂದು ನಮ್ಮನ್ನು ಮೇಲಕ್ಕೆ ಕರೆದೊಯ್ದರು.

ಅವರ ಮಾತಿನ ಅರ್ಥ ಹತ್ತಿದ ಮೇಲೆ ತಿಳಿಯಿತು. ಬೇಸಗೆಯಲ್ಲಿ ಬೆಟ್ಟದ ಮರಗಳಿಂದ ಉದುರಿದ ಒಣ ಎಲೆಯನ್ನು, ಅಂದರೆ ದರಕನ್ನು, ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನಗಳಿಗೆ ಹಾಸುವರು. ಮಳೆಗಾಲದಲ್ಲಿ ಹಸಿ ಸೊಪ್ಪನ್ನು ಕಡಿದು ತರುವರು. ಅದು ದನಗಳ ಕಾಲಡಿಯಲ್ಲಿ ಸಗಣಿ ಗಂಜಳಗಳೊಡನೆ ಬೆರೆತು ಗೊಬ್ಬರವಾಗಿ ಅಡಕೆಯ ಬುಡಕ್ಕೆ ಬೀಳುವುದು. ಸೊಪ್ಪಿನ ಹೊದಿಕೆಯು ಬೇರನ್ನು ಬಿಸಿಲಿನಿಂದಲೂ ಮಣ್ಣನ್ನು ಮಳೆಯ ಹೊಡೆತದಿಂದಲೂ ಕಾಯುವುದು. ಬೆಟ್ಟದಲ್ಲಿ ಮರವಿದ್ದರೆ ಮಳೆಯ ನೀರು ನೆಲಕ್ಕಿಳಿದು, ಒರತೆಯಾಗಿ, ಬೇಸಗೆಯಲ್ಲಿಯೂ ತೋಟದ ಹಳ್ಳವನ್ನು ತುಂಬುವುದು. ಇದನ್ನರಿತೇ ಆಂಗ್ಲರ ಆಳಿಕೆಯಲ್ಲಿಯೂ ಈ ಮೇಲ್ಘಟ್ಟದ ತೋಟಿಗರಿಗೆ ಒಂದೆಕರೆ ತೋಟಕ್ಕೆ ೯ ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕನ್ನು ಮನ್ನಿಸಲಾಯಿತು. ನೆಲದ ಒಡೆತನ ಸರ್ಕಾರದ್ದು. ಸೊಪ್ಪು ದರಕುಗಳ ಬಳಕೆ ತೋಟಿಗರದು. ಒಂದು ಬದುಕಬೇಕಾದರೆ ಒಂಬತ್ತು ಬದುಕಿರಬೇಕೆಂಬ ಈ ಲೆಕ್ಕವನ್ನು ನಾವು ಯಾವ ನೀತಿಗ್ರಂಥದಲ್ಲಿಯೂ ಇಷ್ಟು ನಿಚ್ಚಳವಾಗಿ ಓದಿಲ್ಲ.

ಬೆಟ್ಟವೊಂದೇ ಅಲ್ಲ, ಮನುಷ್ಯರೂ ಈ ಲೆಕ್ಕದೊಳಗೆ ಬರುವರು. ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಮರಕ್ಕೆ ಔಷಧ ಹೊಡೆಯುವವನೂ, ಸುಗ್ಗಿಯಲ್ಲಿ ಕೊನೆ ಕೊಯ್ಯುವವನೂ ಕೊನೆಗೌಡ. ಅವನು ತುದಿಯಲ್ಲಿ ಕುಳಿತು ಮರವನ್ನು ತೂಗಿ, ನೆಲಕ್ಕಿಳಿಯದೆಯೇ ಪಕ್ಕದ ಮರವನ್ನು ಹಿಡಿದುಕೊಂಡು ಸಾಗುವುದನ್ನು ನೋಡುವಾಗ ನಮ್ಮ ಎದೆ ಡವಗುಟ್ಟಿತು. ಅವನು ಕಾಲುಜಾರಿದರೆ ಒಂದು ಮನೆಯ ದೀಪವೇ ಆರಿಹೋದೀತು. ಅವನ ಕೂಲಿಯನ್ನು ಚೌಕಾಸಿ ಮಾಡಿ, ಅವನ ಅಪಾಯವನ್ನು ಅವನ ಪಾಡಿಗೆ ಬಿಟ್ಟ ತೋಟಿಗನು ತನ್ನ ಫಸಲನ್ನು ಪ್ರೀತಿಸಿದನೆಂದು ಹೇಳಬಹುದೇ? ಅಡಕೆ ಸುಲಿಯುವ ಕಾಲದಲ್ಲಿ ಈ ಹೊತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು ಎಂದು ಮುಯ್ಯಾಳಾಗಿ ಕೂಡುತ್ತಿದ್ದ ಪದ್ಧತಿಯೂ ಇದೇ ತಿಳಿವಿನ ಫಲ. ೧೯೨೩ರಲ್ಲಿ ಶಿರಸಿಯ ತೋಟಿಗರು ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡದ್ದೂ ಒಬ್ಬೊಬ್ಬನೇ ಮಾರಲು ಹೋದರೆ ತನ್ನ ಲಾಭವನ್ನೂ ಕಾಯಲಾರನೆಂಬ ಅರಿವಿನಿಂದಲೇ.

ಈ ಅರಿವು ಒಮ್ಮೆ ಕೊಡಲಿಯ ಎದುರಿಗೂ ನಿಂತಿತು. ಹಿಮಾಲಯದಲ್ಲಿ ೧೯೭೩ರಲ್ಲಿ ಮೊದಲಾದ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರು ಇತ್ತ ಬಂದು ಹೋದ ಮೇಲೆ, ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಿನ ಗಂಡಸರೂ ಹೆಂಗಸರೂ ಮಕ್ಕಳೂ ಕಳಸೆಯ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ತಬ್ಬಿಕೊಂಡರು. ಅದಕ್ಕೆ ‘ಅಪ್ಪಿಕೊ’ ಎಂದು ಹೆಸರಾಯಿತು. ಪಾಂಡುರಂಗ ಹೆಗಡೆಯವರು ಅದನ್ನು ಮುಂದುವರಿಸಿದರು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಘೋಷ. ‘ಬಳಸು’ ಎಂಬ ಮೂರನೆಯ ಮಾತನ್ನು ವಾಚಕರು ಗಮನಿಸಬೇಕು. ಅವರು ತಮ್ಮ ಅಗತ್ಯವನ್ನು ಮುಚ್ಚಿಡಲಿಲ್ಲ. ತಮಗೆ ಸೊಪ್ಪು ನೀರು ಬೇಕೆಂದೇ ಮರವನ್ನು ಅಪ್ಪಿದರು. ಅಪ್ಪಿದ ಮೇಲೆ ಆ ಮರ ತಮ್ಮವರಲ್ಲಿ ಒಂದಾಯಿತು.

ಆದರೆ ‘ತಾನು’ ಎಂಬುದನ್ನು ಹಿಗ್ಗಿಸಿದರೆ ನಷ್ಟವೂ ಬಾರದೆ ಇರದು. ಅದನ್ನು ಸಿದ್ದಾಪುರದಲ್ಲಿ ತಿಳಿಯಬೇಕು. ಸಿದ್ದಾಪುರದಿಂದ ಜೋಗಿಗೆ ಹೋಗುವ ದಾರಿಯಲ್ಲಿ ಮಾವಿನಗುಂಡಿಯೆಂಬ ಊರಿದೆ. ೧೯೩೦ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ತೆರಿಗೆ ಕೊಡದೆ ಸೆರೆಮನೆ ಸೇರಿದರು. ಅವರ ಜಮೀನು ಪಾತ್ರೆ ಪಡಗಗಳು ಜಪ್ತಿಯಾಗಿ ಹರಾಜಿಗೆ ಬಂದವು. ನೆರೆಯವನ ಸೊತ್ತು ಅಗ್ಗದಲ್ಲಿ ಸಿಕ್ಕುವಾಗ ಕೈಚಾಚುವ ಮನಸ್ಸು ಯಾರಿಗೆ ಬಾರದು? ಹೀಗೆ ಕೊಂಡವರ ಮನೆಗಳೆದುರು ೧೯೩೨ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ಬೈಗುಳವಿಲ್ಲ, ಹೊಡೆದಾಟವಿಲ್ಲ, ನೆರೆಯವಳು ಅಂಗಳದಲ್ಲಿ ಹಸಿದು ಕುಳಿತಿರುವಾಗ ಒಳಗೆ ಎಲೆ ಹಾಕಿಕೊಂಡು ಕುಳಿತವನ ಗಂಟಲಲ್ಲಿ ತುತ್ತು ಇಳಿಯಬೇಕಲ್ಲ! ಕೊಂಡವನಿಗೆ ತನ್ನ ಮೇಲೆಯೇ ಗೌರವ ಉಳಿಯಬೇಕಾದರೆ ನೆರೆಯವನಿಗೆ ನ್ಯಾಯ ದೊರೆಯಬೇಕೆಂಬುದನ್ನು ಆ ತಾಯಂದಿರು ಮಾತಿಲ್ಲದೆ ತಿಳಿಸಿದರು.

ಯಲ್ಲಾಪುರದ ಕಡೆಗೆ ಬಂದಾಗ ಪ್ರಶ್ನೆ ಇನ್ನೂ ಕಠಿನವಾಗುವುದು. ಅಲ್ಲಿ ಬೇಡ್ತಿ ಹೊಳೆ ಹರಿಯುವುದು. ಅದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಪಡೆಯುವ ಯೋಜನೆ ಹೊರಟಾಗ, ೧೯೮೧ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳೂ ಕೃಷಿಕರೂ ಒಟ್ಟುಗೂಡಿ ಅದರ ಲಾಭನಷ್ಟಗಳನ್ನು ಎಣಿಸಿದರು. ಯೋಜನೆಯನ್ನು ಆಗ ಕೈಬಿಡಲಾಯಿತು. ಈಗ ಬೇಡ್ತಿಯ ನೀರನ್ನು ವರದೆಗೆ ಸೇರಿಸಿ ಬಯಲುಸೀಮೆಗೆ ಒಯ್ಯಬೇಕೆಂಬ ಪ್ರಸ್ತಾಪದ ಮೇಲೆ ಚರ್ಚೆ ನಡೆದಿದೆ. ಘಟ್ಟದವರು ಕಾಡು ತೋಟಗಳು ಹಾಳಾಗುವುವೆಂದು ವಿರೋಧಿಸುವರು, ಹಾವೇರಿಯ ಕಡೆಯ ರೈತನು ನೀರಿಲ್ಲದ ಹೊಲವನ್ನು ತೋರಿಸಿ “ನಾವೂ ನಿಮ್ಮವರಲ್ಲವೇ?” ಎನ್ನುವನು. ಈ ಮಾತಿಗೆ ಕಿವಿ ಮುಚ್ಚಿಕೊಂಡರೆ ನಮ್ಮ ಪ್ರೀತಿ ಘಟ್ಟದಂಚಿನಲ್ಲಿಯೇ ಮುಗಿಯಿತೆಂದಾಗುವುದು. ಆದರೆ ಬೆಟ್ಟವನ್ನು ಕೊಯ್ದು, ಒರತೆಯನ್ನು ಬತ್ತಿಸಿ ಕೊಟ್ಟ ನೀರು ಎಷ್ಟು ವರ್ಷ ಹರಿದೀತು? ತಾನು ಬರಿದಾದವನು ಯಾರಿಗೂ ಬಹುಕಾಲ ಕೊಡಲಾರನು. ಬಯಲಿನವರ ಕೆರೆಗಳ ಹೂಳು ತೆಗೆಯುವುದರಲ್ಲಿಯೂ ಬಿದ್ದ ಮಳೆಯನ್ನು ನಿಲ್ಲಿಸುವುದರಲ್ಲಿಯೂ ಘಟ್ಟದವರು ಹೆಗಲು ಕೊಡಬೇಕು. ಘಟ್ಟದ ಕಾಡನ್ನು ಕಾಯುವುದು ತಮ್ಮ ಕೆಲಸವೂ ಹೌದೆಂದು ಬಯಲಿನವರು ತಿಳಿಯಬೇಕು. ಇದು ನಮ್ಮ ಅಭಿಪ್ರಾಯ. ‘ನಮ್ಮ ಕಾಡು’ ಎನ್ನುವಾಗ ಯಲ್ಲಾಪುರದ ಕಾಡಿನ ಸಿದ್ದಿಯರೂ ಗೌಳಿಗರೂ ಕುಣಬಿಯರೂ ಆ ‘ನಮ್ಮ’ದೊಳಗೆ ಇರುವರೇ ಎಂದು ಕೇಳಿಕೊಳ್ಳುವುದೂ ಅವಶ್ಯ.

ಇಷ್ಟನ್ನು ಹೊಗಳಿದ ಮೇಲೆ ಕಂಡ ಕೊರತೆಯನ್ನೂ ಹೇಳಬೇಕು. ಕೆಲವೆಡೆಗಳಲ್ಲಿ ತೋಟ ಹಸುರಾಗಿದ್ದು, ಅದರ ಬೆಟ್ಟ ಬೋಳಾಗಿರುವುದು. ಸೊಪ್ಪನ್ನು ಮಿತಿಮೀರಿ ಕಡಿದವರುಂಟು. ಬೆಟ್ಟದ ಹಕ್ಕನ್ನು ನೆನೆದು ಕರ್ತವ್ಯವನ್ನು ಮರೆತವರುಂಟು. ಗದ್ದೆಗಳೂ ಒಂದೊಂದಾಗಿ ತೋಟವಾಗುತ್ತಿವೆ. ಅವುಗಳಿಗೆ ಹೊಸ ಬೆಟ್ಟ ಎಲ್ಲಿಂದ ಬರಬೇಕು? ಮಕ್ಕಳು ಬೆಂಗಳೂರು ಸೇರಿದ ದೊಡ್ಡ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿರುವರು. ಇಂಥವರನ್ನು ಅತಿಯಾಗಿ ತಮ್ಮನ್ನು ಪ್ರೀತಿಸಿದವರೆಂದು ನಿಂದಿಸುವುದು ಸರಿಯಲ್ಲ. ತಮ್ಮ ಹಿತವು ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ಅವರು ನೋಡಲಿಲ್ಲ, ಅಷ್ಟೆ.

ಆದುದರಿಂದ ಮಕ್ಕಳಿಗೆ “ನಿನ್ನನ್ನು ನೀನು ಪ್ರೀತಿಸಬೇಡ” ಎಂದು ಕಲಿಸುವ ಅವಶ್ಯಕತೆಯಿಲ್ಲ. ಊಟಕ್ಕೆ ಕುಳಿತಾಗ ತಟ್ಟೆಯಲ್ಲಿರುವ ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಯಾರು ಯಾರ ಕೈಯಿಂದ ಬಂದುವೆಂದು ಒಂದು ದಿನ ಅವರಿಂದಲೇ ಎಣಿಸಿಸೋಣ. ಪ್ರತಿಯೊಂದು ಮನೆಗೂ ಅದರ ಒಂಬತ್ತೆಕರೆ ಬೆಟ್ಟವಿರುವುದು: ನೆರೆಯವರು, ಕೆಲಸದವರು, ಊರ ಕೆರೆ, ಶಾಲೆ, ಅಗಲಿ ದೂರವಿರುವ ತಾಯಿತಂದೆಗಳು. ಆ ಎಣಿಕೆ ಮುಗಿಯುವಷ್ಟರಲ್ಲಿ ಮಗುವಿಗೆ ‘ತಾನು’ ಎಷ್ಟು ದೊಡ್ಡವನೆಂಬುದು ತಿಳಿದೀತು. ಬಡಿಸಿದವರು ಊಟ ಮಾಡಿದರೋ ಇಲ್ಲವೋ ಎಂದು ಅದು ತಾನಾಗಿಯೇ ವಿಚಾರಿಸೀತು.