ಹಿತ್ತಲದ ಶೆಡ್ಡಿಗೆ ಸುಣ್ಣ ಯಾಕ?

1/8
ನಿಮ್ಮ ಹಿತ್ತಲದಾಗೂ ಇಂಥದ್ದೊಂದು ಶೆಡ್ ಇರಬೇಕಲ್ಲ? ಮುರಿದ ಕುರ್ಚಿ, ತೂತು ಬಿದ್ದ ಕೊಡ, ಹರಿದ ತಾಡಪತ್ರಿ, ಯಾವುದೋ ಮದುವೆಯ ಖಾಲಿ ಡಬ್ಬಿಗಳು, ಇವೆಲ್ಲದರ ಹಿಂದೆ ಎಲ್ಲೋ ಒಂದು ಕಡೆ ನಿಜವಾಗಿ ಬೇಕಾದ ಗುದ್ದಲಿ. ಮನೆ ಮುಂದಿನ ಅಂಗಳಕ್ಕೆ ದಿನಾ ಕಸ ಹೊಡೆದು, ನೀರು ಹಾಕಿ, ರಂಗೋಲಿ ಬಿಡ್ತೀವಿ. ಹಿತ್ತಲದ ಶೆಡ್ಡಿಗೆ ಬಂದಾಗ ಮಾತ್ರ "ಅದನ್ನ ಯಾರ್ ನೋಡ್ತಾರ ಬಿಡು" ಅಂತೀವಿ.

ಈ ಸರಣಿ ಆ ಒಂದು ಮಾತಿನ ಬಗ್ಗೆ. ನೋಡೋರು ನಾವೇ ಅಲ್ಲೇನ್ರಿ?

2/8
ನಮ್ಮದು ಮುಂಡರಗಿ ತಾಲೂಕಿನ ಒಂದು ಹಳ್ಳಿ. ನಾನು ದಿನಾ ಬಸ್ಸಿನಲ್ಲಿ ಗದಗಕ್ಕೆ ಹೋಗಿ ಬಿ.ಕಾಂ. ಓದ್ತೀನಿ. ಹಿತ್ತಲದಾಗ ನಿಂತರೆ ಕಪ್ಪತಗುಡ್ಡ ಕಾಣುತ್ತೆ, ಅಲ್ಲಿ ತಿರುಗೋ ಗಾಳಿಯಂತ್ರಗಳೂ ಕಾಣ್ತವೆ. ಅಂದ್ರ ಇಲ್ಲಿ ಗಾಳಿ ಎಷ್ಟು ಅಂತ ಬ್ಯಾರೆ ಹೇಳಬೇಕಾಗಿಲ್ಲ.

ಶೆಡ್ಡು ಅಜ್ಜ ಕಟ್ಟಿಸಿದ್ದು. ಮೂರು ಕಡೆ ಕಲ್ಲು-ಮಣ್ಣಿನ ಗೋಡೆ, ಮೇಲೆ ತಗಡು, ಕೆಳಗೆ ಬರೀ ಎರಿ ಮಣ್ಣು. ಅವ್ವ ಕುಳ್ಳು ತರಲಿಕ್ಕೆ ಒಳಗೆ ಹೋಗೋ ಮೊದಲು ಕೋಲಿನಿಂದ ಬಾಗಿಲು ಬಡೀತಿದ್ದಳು. ಹಾವಿದ್ದರೆ ಸರಿದು ಹೋಗಲಿ ಅಂತ. ಅಪ್ಪ ಒಂದಿನ "ತಗಡು ಬಿಚ್ಚಿ ಗುಜರಿ ಅಂವಗ ಹಾಕಿಬಿಡೂಣು" ಅಂದ. ನಾನು ಮೇ ತಿಂಗಳ ರಜೆ ಮುಗಿಯೋ ತನಕ ತಡಿ ಅಂದೆ.

ತಡಿ ಅನ್ನಲಿಕ್ಕೆ ಕಾರಣ ಇತ್ತು. ಅದು ಮುಂದಿನ ಫೋಟೊದಲ್ಲಿ.

3/8
ಚೀಲದೊಳಗಿನದು ಹೆಸರು. ನಮ್ಮ ಗದಗ ಜಿಲ್ಲೆಯ ಮುಂಗಾರಿ ಬೆಳೆ. ಜೂನ್‌ದಾಗ ಬಿತ್ತಿದರೆ ಎರಡು-ಎರಡೂವರೆ ತಿಂಗಳಿಗೆ ಕೈಗೆ ಬರುತ್ತೆ. ನನ್ನ ಕಾಲೇಜ್ ಫೀ ಕಟ್ಟೋದು ಇದರಿಂದಲೇ. ತೊಂದರೆ ಏನಂದ್ರ, ಬಿಡಿಸೋ ಹೊತ್ತು ಮಳೆ ಹೊತ್ತೂ ಹೌದು.

2025-26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಆದರೆ ಬೆಂಬಲ ಬೆಲೆಗೆ ಕೊಡಬೇಕಂದ್ರೆ ಕಾಳಿನ ತೇವಾಂಶ 12% ದಾಟಬಾರದು. ಹೋದ ವರ್ಷ ನಮಗೆ ಕಾಳು ಒಣಗಿಸಲಿಕ್ಕೆ ಜಾಗ ಇರಲಿಲ್ಲ, ಒಣಗಿದ್ದನ್ನ ಇಡಲಿಕ್ಕೂ ಇರಲಿಲ್ಲ. ಹಸಿ ಅಂತ ವ್ಯಾಪಾರಿ ರೇಟು ಕಡಿದ. ಅಪ್ಪ ಕೊಟ್ಟು ಬಂದ. ಇಟ್ಟುಕೊಳ್ಳಲಿಕ್ಕೆ ಜಾಗ ಇಲ್ಲದವರಿಗೆ "ಒಲ್ಲೆ" ಅನ್ನಲಿಕ್ಕೆ ಬರಂಗಿಲ್ಲ, ನೋಡ್ರಿ.

ಜಾಗ ಇತ್ತು. ಗುಜರಿ ಸಾಮಾನಿನ ಕೆಳಗೆ ಮುಚ್ಚಿ ಹೋಗಿತ್ತು.

4/8
ಮೊದಲು ನೆಲ. ಎರಿ ಮಣ್ಣು ಬೇಸಿಗೆಯಲ್ಲಿ ಬೆರಳು ಹೋಗೋಷ್ಟು ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಅದರ ಮೇಲೆ ನೇರ ಏನು ಹಾಸಿದರೂ ನಿಲ್ಲಂಗಿಲ್ಲ. ಅದಕ್ಕೆ ಒಂದು ಅಡಿ ಎರಿ ತೆಗೆದು ಗರಸು ತುಂಬಿ, ನೀರು ಹೊಡೆದು, ದಮ್ಮಸು ಮಾಡಿದೆವು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತೆಳ್ಳಗೆ ಉಸುಕು, ಆಮೇಲೆ ಹಳೇ ಮನೆಯ ಪರಸಿ ಕಲ್ಲು. ಹೊರಗಿನ ಅಂಗಳಕ್ಕಿಂತ ಒಳಗಿನ ನೆಲ ಒಂದು ಗೇಣು ಎತ್ತರ. ಸುತ್ತ ಸಣ್ಣ ಕಾಲುವೆ.

ಆಮೇಲೆ ತಗಡು. ತಗಡಿಗೆ ಮಳೆಗಿಂತ ಮೊಳೆ ಹೊಡೆದ ತೂತೇ ವೈರಿ. ಸತುವಿನ ಲೇಪ ಅಲ್ಲಿ ಹರಿದಿರುತ್ತೆ, ತುಕ್ಕು ಅಲ್ಲಿಂದಲೇ ಶುರು. ತೂತು ಯಾವಾಗಲೂ ತಗಡಿನ ಉಬ್ಬಿನ ಮೇಲೆ ಇರಬೇಕು, ನೀರು ಹರಿಯೋ ತಗ್ಗಿನಲ್ಲಿ ಅಲ್ಲ. ಹಳೇ ಮೊಳೆ ಕಿತ್ತು, ವಾಷರ್ ಹಾಕಿ ಜೆ-ಬೋಲ್ಟ್ ಬಿಗಿದೆವು. ತಂತಿ ಬ್ರಷ್‌ನಿಂದ ತುಕ್ಕು ತಿಕ್ಕಿ ರೆಡ್ ಆಕ್ಸೈಡ್ ಬಳಿದೆವು. ಗಾಳಿಗೆ ಹಾರಬಾರದು ಅಂತ ಅಜ್ಜ ಇಟ್ಟಿದ್ದ ಕಲ್ಲುಗಳನ್ನ ಮೊದಲ ಸಲ ಕೆಳಗೆ ಇಳಿಸಿದೆವು.

5/8
ಈಗ ಸುಣ್ಣದ ಮಾತು. ಅಪ್ಪ ಕೇಳಿದ್ದು ಇಲ್ಲೇ: "ನೆಲ ಆತು, ತಗಡು ಆತು. ಸುಣ್ಣ ಯಾಕ ಯವ್ವಾ? ಕುಳ್ಳು ಇಡೂ ಜಾಗಕ್ಕ ಚಂದ ಏನ್ ಮಾಡೂದೈತಿ?"

ಉತ್ತರ ಕೊಟ್ಟವಳು ಅಜ್ಜಿ. "ಹೊಲಸಿನ ಮ್ಯಾಲೆ ಹೊಲಸು ಕಾಣೂದಿಲ್ಲೋ" ಅಂದಳು. ಅಷ್ಟೇ.

ಸಿಮೆಂಟ್ ಪ್ಲಾಸ್ಟರ್ ಮಾಡಿಸ್ರಿ ಅಂತ ಒಬ್ಬರು ಹೇಳಿದ್ದರು. ಮಣ್ಣಿನ ಗೋಡೆಗೆ ಸಿಮೆಂಟ್ ಹಾಕಿದರೆ ಒಳಗಿನ ಹಸಿ ಹೊರಗೆ ಬರಲಿಕ್ಕೆ ದಾರಿ ಇರಂಗಿಲ್ಲ, ಆಮೇಲೆ ಹಪ್ಪಳದ ಹಂಗೆ ಏಳುತ್ತೆ. ಸುಣ್ಣ ಗೋಡೆಗೆ ಉಸಿರಾಡಲಿಕ್ಕೆ ಬಿಡುತ್ತೆ, ಅಗ್ಗವೂ ಹೌದು. ನೀವು ಮಾಡೋದಾದರೆ ಒಂದು ಎಚ್ಚರಿಕೆ: ಮಣ್ಣಿನ ಬಾನಿಯ ನೀರಿಗೆ ಸುಣ್ಣದ ಕಲ್ಲನ್ನ ಸ್ವಲ್ಪ ಸ್ವಲ್ಪ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು. ಕುದ್ದು ಸಿಡಿಯುತ್ತೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕ್ಕೊಳ್ರಿ, ಸಣ್ಣ ಹುಡುಗರನ್ನ ದೂರ ಇಡ್ರಿ. ರಾತ್ರಿ ಬಿಟ್ಟು ಮುಂಜಾನೆ ಸೋಸಿ, ಸ್ವಲ್ಪ ಉಪ್ಪು ಬೆರೆಸಿ ಎರಡು ಸಲ ಬಳಿಯಬೇಕು. ಹೊರಗಿನ ಬುಡಕ್ಕೆ ಅವ್ವ ಕೆಮ್ಮಣ್ಣಿನ ಪಟ್ಟಿ ಎಳೆದಳು. ಫೋಟೊದಲ್ಲಿ ಕಾಣ್ತಿರೋದು ಅದೇ.

6/8
ಈ ಫೋಟೊ ಜುಲೈದು. ಬಿಳಿ ಗೋಡೆ ಮೇಲೆ ಬೆರಳು ದಪ್ಪದ ಕಂದು ಗೆರೆ. ಗೆದ್ದಲು ನೆಲದಿಂದ ತೊಲೆ ಕಡೆ ಹೊರಟಿತ್ತು. ಹಿಂದೆ ಮಣ್ಣಿನ ಬಣ್ಣದ ಗೋಡೆ ಇದ್ದಾಗ ಮಣ್ಣಿನ ಗೆರೆ ಯಾರಿಗೆ ಕಾಣಬೇಕು? ತೊಲೆ ಟೊಳ್ಳಾಗಿ ಉದುರಿದಾಗಲೇ ಗೊತ್ತಾಗೋದು. ಈ ಸಲ ಅವ್ವ ಎರಡನೇ ದಿನಕ್ಕೇ ಕಂಡಳು. ಗೆರೆ ಕೆರೆದು ಬುಡ ಹುಡುಕಿದರೆ ಗೋಡೆಗೆ ಒತ್ತಿ ಒಟ್ಟಿದ ಕುಳ್ಳಿನ ಕೆಳಗಿಂದ ಬಂದಿತ್ತು. ಕುಳ್ಳನ್ನ ಹೊರಗೆ ಬ್ಯಾರೆ ಕಡೆ ಒಟ್ಟಿದೆವು.

ಇಲಿ ಬಂದರೆ ಹೆಜ್ಜೆ ಕಾಣುತ್ತೆ. ತಗಡು ಸೋರಿದರೆ ಕಲೆ ಕಾಣುತ್ತೆ. ಚಂದ ಅನ್ನೋದು ತೋರಿಕೆಗೆ ಅಂತ ನಾವು ತಿಳ್ಕೊಂಡೀವಿ. ಆದರೆ ಅಜ್ಜಿ ಕಾಲದ ಸಾರಿಸೋದು, ಸುಣ್ಣ ಬಳಿಯೋದು ಕೆಡಕು ಬೇಗ ಕಾಣಲಿ ಅಂತಲೂ ಇತ್ತು.

ಅಜ್ಜಿ ಹಗೇವಿನ ಕಥೆಯನ್ನೂ ಹೇಳಿದಳು. ನೆಲದಾಗ ತೋಡಿ, ಒಳಗೆ ಹುಲ್ಲು ಹಾಸಿ ಜೋಳ ತುಂಬೋ ಹಗೇವು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತೆ, ಇಳಿದವರು ಸತ್ತದ್ದೂ ಉಂಟು. ತೆರೆದು, ಗಾಳಿ ಆಡಲಿಕ್ಕೆ ಬಿಟ್ಟು, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯೋದು. ಕಾಳು ಇಡೋ ಜಾಗದ ಬಗ್ಗೆ ನಮ್ಮೋರಿಗೆ ಇದ್ದ ಎಚ್ಚರ ಅದು.

7/8
ನಾನು ಕಾಮರ್ಸ್ ಓದೋಳು, ಲೆಕ್ಕ ಬರೀದೆ ಇರಲಿಕ್ಕೆ ಆಗಂಗಿಲ್ಲ. ಸುಣ್ಣ, ಬ್ರಷ್, ತಗಡಿನ ಬಣ್ಣ: ಇದ್ದದ್ದನ್ನ ಇದ್ದ ಹಂಗ ಇಡೋ ಖರ್ಚು, ಅಂದ್ರೆ ರಾಜಸ್ವ ವೆಚ್ಚ. ಹೊಸ ನೆಲ: ಮುಂದಿನ ಎಷ್ಟೋ ವರ್ಷ ಉಪಯೋಗ ಕೊಡುತ್ತೆ, ಅದು ಬಂಡವಾಳ ವೆಚ್ಚ. ಕ್ಲಾಸಿನಲ್ಲಿ ಸವಕಳಿ ಅಂದ್ರೆ ವರ್ಷಾ ವರ್ಷಾ ಕಳೆಯೋ ಒಂದು ಅಂಕಿ. ಹಿತ್ತಲದಾಗ ಸವಕಳಿ ತುಕ್ಕಿನ ಬಣ್ಣದಲ್ಲಿ ಇರುತ್ತೆ, ಕೈಗೆ ಹತ್ತುತ್ತೆ.

ಈ ವರ್ಷವೂ ಬಿಡಿಸೋ ಹೊತ್ತಿಗೆ ಮಳೆ ಬಿಡಲಿಲ್ಲ. ಬಿಸಿಲು ಬಿದ್ದಾಗ ಹೊರಗೆ, ಮೋಡ ಬಂದಾಗ ಪರಸಿ ಮೇಲೆ ತೆಳ್ಳಗೆ ಹರವಿ, ಕೈಯಾಡಿಸಿ ಒಣಗಿಸಿದೆವು. ಅರ್ಧ ಮಾರಿ ನನ್ನ ಫೀ ಕಟ್ಟಿದೆವು. ತೂಕದ ಮುಂದೆ ಹಸಿ ಅಂತ ಯಾರೂ ಕಡಿಯಲಿಲ್ಲ. ಉಳಿದ ಆರು ಚೀಲ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇದ್ದಾವೆ. ಅಪ್ಪ ದಿನಾ ಪೇಟೆ ರೇಟು ಕೇಳ್ತಾನೆ, "ಇನ್ನೂ ತಡಿಯೂಣು" ಅಂತಾನೆ. ಆ "ತಡಿಯೂಣು" ಅನ್ನೋ ಮಾತು ಅಪ್ಪನ ಬಾಯಿಂದ ನಾನು ಹಿಂದೆ ಕೇಳಿರಲಿಲ್ಲ.

8/8
ಸೇವ್ ಮಾಡಿಟ್ಟುಕೊಳ್ರಿ, ಹಬ್ಬದ ಲೆಕ್ಕದಲ್ಲಿ ನೆನಪಿರುತ್ತೆ:

ಯುಗಾದಿ ಆದಮೇಲೆ: ಎಲ್ಲಾ ಸಾಮಾನು ಹೊರಗೆ. ವರ್ಷದಾಗ ಒಮ್ಮೆಯೂ ಮುಟ್ಟದ್ದು ಗುಜರಿಗೆ. ಬೋಲ್ಟ್ ಬಿಗಿ, ಗೋಡೆಗೆ ಸುಣ್ಣ.
ಕಾರ ಹುಣ್ಣಿಮೆಗೆ: ಸುತ್ತಲಿನ ಕಾಲುವೆ ಬಳಿ, ಒಂದು ಮಳೆಗೆ ಒಳಗೆ ನಿಂತು ಸೋರುತ್ತದಾ ನೋಡು.
ಖಂಡೇ ಪೂಜೆಗೆ: ಕುಡುಗೋಲು, ಗುದ್ದಲಿ, ಕುಂಟಿ ತಿಕ್ಕಿ ಎಣ್ಣೆ ಹಚ್ಚಿ ಗೋಡೆಗೆ ತೂಗು ಹಾಕು.
ದೀಪಾವಳಿಗೆ: ಬುಡದ ಎರಡು ಅಡಿಗೆ ಮತ್ತೆ ಸುಣ್ಣ, ಕೆಮ್ಮಣ್ಣು.
ಯಾವಾಗಲೂ: ಹೊಲದ ಔಷಧ ಕಾಳಿನ ಜೋಡಿ ಬ್ಯಾಡ. ಬ್ಯಾರೆ ಪೆಟ್ಟಿಗೆ, ಬೀಗ.

ಬಾಗಿಲ ಬುಡ ಇನ್ನೂ ಕೊಳೆತಿದೆ, ಇಲಿ ನುಗ್ಗೋಷ್ಟು ಸಂದಿ ಇದೆ. ಸದ್ಯ ತಗಡಿನ ತುಂಡು ಹೊಡೆದೀವಿ. ಬಡಿಗೇರ ಕಾಕಾ ಮುಂದಿನ ವಾರ ಬರ್ತೀನಿ ಅಂದಾರ.

ನಿಮ್ಮ ಹಿತ್ತಲದ್ದು ಹೆಂಗೈತಿ? ಸ್ವಚ್ಛ ಮಾಡೋಕಿಂತ ಮೊದಲಿನ ಫೋಟೊನೂ ನಡೀತದ, ನಾಚ್ಕೋಬ್ಯಾಡ್ರಿ.

#ಹಿತ್ತಲದಕಥೆ #ಮುಂಡರಗಿ #ಗದಗ #ಹೆಸರು #ಸುಣ್ಣಕೆಮ್ಮಣ್ಣು