ತುಂಗೆಯ ನೀರು, ನಾಗನ ನೆಲೆ

ಸಕ್ರೆಬೈಲು
ಆಷಾಢ, ಬಹುಳ ದಶಮಿ

ಪ್ರೀತಿಯ ಅಣ್ಣನಿಗೆ,

ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ರಸ್ತೆ ಹಿಡಿದಾಗಿನಿಂದ ಮಳೆ ಬಿಟ್ಟಿಲ್ಲ. ಗಾಜನೂರಿನ ಅಣೆಕಟ್ಟು ತುಂಬಿದೆ. 588.24 ಮೀಟರ್ ಮುಟ್ಟಿದ ಮೇಲೆ ಬಂದ ನೀರನ್ನೆಲ್ಲ ಗೇಟು ಎತ್ತಿ ಹೊಳೆಗೇ ಬಿಡಬೇಕು. ಆ ಅಣೆಕಟ್ಟಿನ ಹಿನ್ನೀರು ಆನೆ ಬಿಡಾರದ ಅಂಗಳದವರೆಗೂ ಬಂದು ನಿಂತಿದೆ, ಕೆಂಪಗೆ.

ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು, ಕಾವಾಡಿಗಳು ಬೆಳಗ್ಗೆ ಹುಡುಕಿ ತಂದು ನೀರಿಗೆ ಇಳಿಸುತ್ತಾರೆ. ಒಂದು ಹೆಣ್ಣಾನೆ ಪಕ್ಕಕ್ಕೆ ಮಲಗಿತು. ಕಾವಾಡಿ ಹುಡುಗ ಅದರ ಹೊಟ್ಟೆಯ ಮೇಲೆ ಹತ್ತಿ ಕೂತು ತೆಂಗಿನ ನಾರಿನಿಂದ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ತಿಕ್ಕತೊಡಗಿದ. ಸ್ವಲ್ಪ ಹೊತ್ತಿಗೆ ಆನೆ ಪೂರ್ತಿ ಮುಳುಗಿ, ಉಸಿರಾಡಲು ಸೊಂಡಿಲಿನ ತುದಿ ಮಾತ್ರ ನೀರಿನ ಮೇಲೆ ಹೆಡೆಯಂತೆ ನಿಂತಿತು. ದಡದಲ್ಲಿದ್ದ ಪುಟ್ಟ ಮಗುವೊಂದು "ಹಾವು!" ಎಂದು ಕೂಗಿ ಅಮ್ಮನ ಸೆರಗು ಹಿಡಿಯಿತು.

ನಮ್ಮ ಪುಟ್ಟಿಯ ಪ್ರಶ್ನೆ ಆಗ ನೆನಪಾಯಿತು. ಜಪಾನಿನ ಕಾರ್ಟೂನು ನೋಡಿ, "ಅತ್ತೆ, ನೀರಲ್ಲಿರೋ ದೊಡ್ಡ ಹಾವು ದೇವರೋ ರಾಕ್ಷಸನೋ?" ಎಂದು ಕೇಳಿದ್ದಳಲ್ಲ. ಅವಳಿಗೆ ಸರಿಯಾಗಿ ಹೇಳಬೇಕೆಂದು ಅದನ್ನೇ ಓದುತ್ತಿದ್ದೇನೆ. ಈ ಭಾಗವನ್ನು ಅವಳಿಗೆ ಓದಿ ಹೇಳು.

ಕ್ರಿ.ಶ. 712ರಲ್ಲಿ ಬರೆದ 'ಕೊಜಿಕಿ' ಜಪಾನಿನ ಬಹಳ ಹಳೆಯ ಗ್ರಂಥ. ಅದರಲ್ಲಿ ಯಮತ ನೊ ಒರೊಚಿ ಎಂಬ ಸರ್ಪದ ಕತೆಯಿದೆ. ಎಂಟು ತಲೆ, ಎಂಟು ಬಾಲ. ಎಂಟು ಕಣಿವೆ, ಎಂಟು ಗುಡ್ಡ ತುಂಬುವಷ್ಟು ಉದ್ದದ ಮೈ. ಬೆನ್ನ ಮೇಲೆ ಪಾಚಿ, ಮರಗಳು. ಹೊಟ್ಟೆ ಸದಾ ರಕ್ತಮಯ. ಇಜುಮೊ ಸೀಮೆಯ ಹೀ ಎಂಬ ಹೊಳೆಯ ಮೇಲುಭಾಗದಲ್ಲಿದ್ದ ಮುದಿ ದಂಪತಿಯ ಎಂಟು ಹೆಣ್ಣುಮಕ್ಕಳಲ್ಲಿ ಅದು ವರ್ಷಕ್ಕೊಬ್ಬಳನ್ನು ನುಂಗುತ್ತಿತ್ತು. ಉಳಿದವಳು ಕುಶಿನದಾ ಒಬ್ಬಳೇ. ಸುಸನೊ ಎಂಬ ದೇವರು ಎಂಟು ಪಾತ್ರೆಗಳಲ್ಲಿ ಅಕ್ಕಿಯ ಮದ್ಯ ಇಡಿಸಿ, ಎಂಟೂ ತಲೆಗಳು ಕುಡಿದು ಮಲಗಿದಾಗ ಸರ್ಪವನ್ನು ಕತ್ತರಿಸಿದ. ಬಾಲದೊಳಗೆ ಒಂದು ಕತ್ತಿ ಸಿಕ್ಕಿತು.

ಆ ಸರ್ಪವೆಂದರೆ ಕವಲುಗಳೊಡನೆ ಉಕ್ಕಿ ಬಂದು ಗದ್ದೆ ನುಂಗುವ ಹೊಳೆಯೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಕುಶಿನದಾ ಭತ್ತದ ಗದ್ದೆಯ ದೇವಿ. ಹೊಟ್ಟೆಯ ರಕ್ತ ಕಬ್ಬಿಣದ ಮರಳಿನಿಂದ ಕೆಂಪಾದ ನೀರು. ಆ ಸೀಮೆಯವರು ಮರಳು ತೊಳೆದು, ಕಾಡಿನ ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ಮಾಡುತ್ತಿದ್ದರು. ಬಾಲದ ಕತ್ತಿಗೂ ಅದೇ ಕಾರಣ ಹೇಳುತ್ತಾರೆ. ಇದನ್ನು ಓದುವಾಗ ನನಗೆ ಭದ್ರಾವತಿ ಕಣ್ಣಿಗೆ ಕಟ್ಟಿತು. 1923ರಲ್ಲಿ ಭದ್ರೆಯ ದಡದಲ್ಲಿ ಕುಲುಮೆ ಉರಿಸಿದಾಗ ಅಲ್ಲಿಯೂ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿದ್ದು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯ ಗುಡ್ಡದಿಂದ. ಹೊಳೆ, ಕೆಮ್ಮಣ್ಣು, ಕಾಡು, ಕಬ್ಬಿಣ ಎಲ್ಲವೂ ಎರಡೂ ಕಡೆ ಒಂದೇ.

ತುಂಗೆ ಉಕ್ಕಿದಾಗ ನಮ್ಮವರು ಮಾಡುವುದು ಬೇರೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಕಲ್ಲಿನ ಮಂಟಪವಿದೆಯಲ್ಲ, ಅದು ಮುಳುಗಿತೆಂದರೆ ಹೊಳೆ ತುಂಬಿತೆಂದು ಲೆಕ್ಕ. ಹೆಂಗಸರು ಅರಿಶಿನ ಕುಂಕುಮ ಹಿಡಿದು ಬಾಗಿನ ಕೊಡಲು ಬರುತ್ತಾರೆ. 2019ರ ಆಗಸ್ಟಿನಲ್ಲಿ ಅದೇ ನೀರು ತಗ್ಗಿನ ಬಡಾವಣೆಗಳ ಮನೆಗಳಿಗೆ ನುಗ್ಗಿತು. ಮುಂದಿನ ಮಳೆಗಾಲದಲ್ಲೂ ಬಾಗಿನ ತಪ್ಪಲಿಲ್ಲ.

ಇದೇ ನೀರು ಶೃಂಗೇರಿಯನ್ನು ಹಾದು ಬಂದದ್ದು. ಅಲ್ಲಿ ಹೊಳೆಯ ಮೆಟ್ಟಿಲ ಬಳಿ ಅಪ್ಪ ನಮಗೆ ಕಪ್ಪೆ ಶಂಕರ ತೋರಿಸಿದ್ದು ನಿನಗೆ ನೆನಪಿರಬೇಕು. ಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟಿತಂತೆ. ಅದನ್ನು ಕಂಡೇ ಶಂಕರಾಚಾರ್ಯರು ಶಾರದೆಗೆ ಅಲ್ಲಿ ನೆಲೆ ಮಾಡಿದರು ಎಂಬುದು ಸ್ಥಳದ ಐತಿಹ್ಯ. ಪುಟ್ಟಿಗೆ ಇನ್ನೊಂದು ಸಂಗತಿ ಹೇಳು: ನಮ್ಮ ಸರಸ್ವತಿ ಬೌದ್ಧಧರ್ಮದ ಜೊತೆ ಚೀನಾ ಹಾದು ಜಪಾನಿಗೆ ಹೋಗಿ ಬೆಂಜೈತೆನ್ ಆಗಿದ್ದಾಳೆ. ಕೈಯಲ್ಲಿ ವೀಣೆಯಂಥದೇ ವಾದ್ಯ, ಗುಡಿಗಳು ಹೆಚ್ಚಾಗಿ ಕೆರೆ, ದ್ವೀಪ, ಸಮುದ್ರದಂಚಿನಲ್ಲಿ. ಬಿಳಿ ಹಾವು ಅವಳ ದೂತ. ಎನೊಶಿಮಾ ದ್ವೀಪದ ಕತೆಯಲ್ಲಿ ಊರಿನ ಮಕ್ಕಳನ್ನು ತಿನ್ನುತ್ತಿದ್ದ ಐದು ತಲೆಯ ಸರ್ಪ ಇವಳನ್ನು ಕಂಡು ಮನಸೋತು, ಇವಳ ಮಾತಿಗೆ ಕಟ್ಟುಬಿದ್ದು ಆ ಸೀಮೆಯನ್ನು ಕಾಯುವ ದೇವರಾಯಿತು. ಕೃಷ್ಣನೂ ಕಾಳಿಯನನ್ನು ಕೊಲ್ಲಲಿಲ್ಲ, ಯಮುನೆಯ ಮಡು ಬಿಡಿಸಿ ಕಳಿಸಿದ. ನನಗಂತೂ ಕೊಲ್ಲುವ ಕತೆಗಿಂತ ಈ ಎರಡು ಕತೆಗಳೇ ದೊಡ್ಡವು ಅನ್ನಿಸುತ್ತದೆ.

ಇನ್ನು ನಿಜದ ಹಾವಿನ ಮಾತು: ತುಂಗೆಯ ಮೇಲುಸೀಮೆಯಲ್ಲಿ ಆಗುಂಬೆ. ಅಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. ನಮ್ಮ ಘಟ್ಟದ ಕಾಳಿಂಗ ಸರ್ಪ ಬೇರೆಯೇ ಜಾತಿಯೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಅದಕ್ಕೆ 'ಕಾಳಿಂಗ' ಎಂದೇ ಹೆಸರಿಟ್ಟಿದ್ದಾರೆ. ಹೆಣ್ಣು ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಮಾಡಿ ಗೂಡು ಕಟ್ಟುತ್ತದೆ, ಎಷ್ಟು ಮಳೆ ಸುರಿದರೂ ಮೊಟ್ಟೆ ನೆನೆಯದಂತೆ. ತರಗೆಲೆ ಬೇಕೆಂದರೆ ಮರ ಬೇಕು, ಮರದಡಿ ಗುಡಿಸದ ನೆಲ ಬೇಕು.

ಅಣ್ಣ, ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ. ನಮ್ಮ ನಾಗರಬನದ ಮರ ಕಡಿದು, ಸುತ್ತ ಕಾಂಕ್ರೀಟ್ ಹಾಕಿ, ಟೈಲ್ಸ್ ಕಟ್ಟೆ ಕಟ್ಟಿಸುವ ಮಾತು ಎದ್ದಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಕರಾವಳಿಯಲ್ಲೂ ಮಲೆನಾಡಲ್ಲೂ ಎಷ್ಟೋ ಬನಗಳಿಗೆ ಈಗಾಗಲೇ ಈ ಗತಿ ಬಂದಿದೆ. ಹಿರಿಯರು ಬನದಲ್ಲಿ ಕತ್ತಿ ಹಾಕಬಾರದು, ನಾಗರಪಂಚಮಿಯ ದಿನ ನೆಲ ಅಗೆಯಬಾರದು ಎಂದು ಕಟ್ಟು ಮಾಡಿದ್ದು ಸುಮ್ಮನೆ ಅಲ್ಲ. ನಮ್ಮ ತೋಟಕ್ಕೆ ಬರುವ ಅಬ್ಬಿ ನೀರು ಹುಟ್ಟುವುದು ಆ ಹಲಸು, ಹೊನ್ನೆ ಮರಗಳ ಬುಡದಲ್ಲೇ. ಬೇಸಿಗೆಯಲ್ಲಿ ಆಚೆಮನೆಯವರ ಬಾವಿ ಬತ್ತಿದರೂ ನಮ್ಮ ಅಬ್ಬಿ ಹರಿಯುತ್ತಲೇ ಇರುತ್ತದೆ. ನಾಗನನ್ನು ನೀರಿನ ಒಡೆಯ ಎಂದು ನಂಬುವವರು ಅವನ ನೀರಿನ ಮೇಲೆಯೇ ಸಿಮೆಂಟು ಸುರಿಯಬಾರದು.

ಹಾಲೆರೆಯಲು ನಾಗರಕಲ್ಲಿನ ಮುಂದೆ ಒಂದು ಹಾಸುಗಲ್ಲು ಸಾಕು. ದೊಡ್ಡಪ್ಪ ನನ್ನ ಮಾತಿಗಿಂತ ನಿನ್ನ ಮಾತು ಕೇಳುತ್ತಾರೆ. ಪಂಚಮಿಗೆ ಎಲ್ಲರೂ ಸೇರುವ ಮೊದಲೇ ಹೋಗಿ ಮಾತಾಡು, ಮರಕ್ಕೆ ಕೊಡಲಿ ಬೀಳದಂತೆ ನೋಡಿಕೋ. ಹಬ್ಬಕ್ಕೆ ನಾನೂ ಬರುತ್ತೇನೆ.

ಇತಿ,
ನಿನ್ನ ತಂಗಿ